ಲೈನ್ ಮನೆಗೆ ಚಳಿ ಬಂದರೆ

ನಂದಿದುರ್ಗ ಅಂದ ಕೂಡಲೇ ಹೊರಗಿನವರಿಗೆ ನೆನಪಾಗೋದು ನಂದಿಬೆಟ್ಟ. 1,478 ಮೀಟರ್ ಎತ್ತರದ ಆ ಬೆಟ್ಟಕ್ಕೆ ಬೆಂಗಳೂರಿನ ಮಂದಿ ಚಳಿ ಹುಡುಕಿಕೊಂಡು ಹೋಗ್ತಾರೆ. ಮಂಜು ನೋಡಿ, ಬಿಸಿ ಕಾಫಿ ಕುಡಿದು, ಇಳಿದು ಬರ್ತಾರೆ. ಕೋಲಾರ ಚಿನ್ನದ ಗಣಿಯ ನಂದಿದುರ್ಗಕ್ಕೆ ಚಳಿ ನೋಡಲು ಯಾರೂ ಬರೋದಿಲ್ಲ. ಇಲ್ಲಿ ಚಳಿಯೇ ಮನೆ ಹುಡುಕಿಕೊಂಡು ಬರುತ್ತೆ. ಬಾಗಿಲು ತಟ್ಟೋದೂ ಇಲ್ಲ, ಶೀಟಿನ ಸಂದಿಯಿಂದ ನೇರ ಒಳಕ್ಕೆ!

ಚಳಿಯ ವಾರ ಶುರುವಾಯಿತು ಅನ್ನೋದು ಮೊದಲು ಗೊತ್ತಾಗೋದು ಅಡುಗೆಮನೆಗೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗ್ಗೆಗೆ ಉಬ್ಬಿರೋದಿಲ್ಲ. ಹೆಪ್ಪು ಹಾಕಿದ ಹಾಲು ಹಾಲಾಗಿಯೇ ಕೂತಿರುತ್ತೆ. ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಗಟ್ಟಿಯಾಗಿ, ಸ್ಕೂಲಿಗೆ ಹೊರಟ ಹುಡುಗಿಯ ಜಡೆ ಹೆಣೆಯೋ ಹೊತ್ತಿಗೆ ಒಲೆ ಪಕ್ಕ ಇಟ್ಟು ಕರಗಿಸಬೇಕು. ಲಾಭ ಒಂದೇ, ಸೊಗಡವರೆ. ಬಂಗಾರಪೇಟೆ ಸಂತೆಯಲ್ಲಿ ಅವರೆ ರಾಶಿ ಬಿತ್ತೆಂದರೆ ಹಿದುಕಿದ ಬೇಳೆ ಸಾರು, ಬಿಸಿ ಮುದ್ದೆ. ಅಷ್ಟು ಹೊತ್ತು ಚಳಿ ಮರೆತುಹೋಗುತ್ತೆ.

ಆದರೆ ಮುದ್ದೆ ತಿಂದ ಮೇಲೂ ರಾತ್ರಿ ಇದೆಯಲ್ಲ!

ಎರಡು ಬಗೆಯ ಚಳಿ

ಈ ಸೀಮೆಗೆ ಚಳಿ ಎರಡು ವೇಷದಲ್ಲಿ ಬರುತ್ತೆ. ಒಂದು ಒಣ ಚಳಿ. ಡಿಸೆಂಬರ್ ಕೊನೆ, ಜನವರಿ ಮೊದಲಲ್ಲಿ ಆಕಾಶ ಬೋಳಾಗಿರುತ್ತೆ. ಮೋಡ ಅನ್ನೋದು ಭೂಮಿಗೆ ಕಂಬಳಿ ಇದ್ದ ಹಾಗೆ. ಕಂಬಳಿ ಇಲ್ಲದ ರಾತ್ರಿ ನೆಲದ ಶಾಖವೆಲ್ಲ ಮೇಲಕ್ಕೆ ಹಾರಿಹೋಗುತ್ತೆ. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಮೇಲಿರುವ ಬಯಲು ನೆಲಕ್ಕೆ ಬೆಳಗಿನ ಜಾವ ಗಡಗಡ ನಡುಕ. ಆದರೂ ಒಂದು ಸಮಾಧಾನ, ಒಂಬತ್ತು ಗಂಟೆಗೆ ಬಿಸಿಲು ಬರುತ್ತೆ, ಮುದುಕರು ಜಗಲಿಗೆ ಬರ್ತಾರೆ.

ಇನ್ನೊಂದು ಒದ್ದೆ ಚಳಿ. ಇದರ ಹುಟ್ಟೂರು ಬಂಗಾಳ ಕೊಲ್ಲಿ. 2022ರ ಡಿಸೆಂಬರ್ 9ರ ರಾತ್ರಿ ಮಾಂಡೂಸ್ ಚಂಡಮಾರುತ ಮಹಾಬಲಿಪುರದ ಹತ್ತಿರ ದಡ ಹತ್ತಿತು. ಗಾಳಿಯ ಅಬ್ಬರ ಅನುಭವಿಸಿದ್ದು ತಮಿಳುನಾಡು, ಜಿಟಿಜಿಟಿ ಮಳೆ ಮತ್ತು ಥಂಡಿ ಬಂದದ್ದು ಕೋಲಾರ, ಬೆಂಗಳೂರು ಕಡೆಗೆ. ಇಂಥ ವಾರ ರಾತ್ರಿಯ ಉಷ್ಣತೆ ತೀರಾ ಕೆಳಗಿಳಿಯೋದಿಲ್ಲ. ಹಗಲಿನದು ಮೇಲೇರೋದಿಲ್ಲ, ಅಷ್ಟೇ. ಹಾಕಿದ ಬಟ್ಟೆ ಒಣಗೋದಿಲ್ಲ, ಹೊದೆಯೋ ದುಪ್ಪಟಿ ತೇವ, ಸೌದೆ ತೇವ, ಗೋಡೆ ತೇವ.

ಇಲ್ಲೇ ಒಂದು ತಮಾಷೆ ಇದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಯಲು ಸೀಮೆಗೆ ‘ಶೀತ ಅಲೆ’ ಅನ್ನಬೇಕಾದರೆ ಕನಿಷ್ಠ ಉಷ್ಣತೆ 10 ಡಿಗ್ರಿಗೆ ಇಳಿದಿರಬೇಕು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಕಡಿಮೆ ಇರಬೇಕು. ಒದ್ದೆ ಚಳಿ ಈ ತಕ್ಕಡಿಗೆ ಬೀಳೋದೇ ಇಲ್ಲ. ಕಾಗದದಲ್ಲಿ ಚಳಿ ಇಲ್ಲ, ಮನೆಯಲ್ಲಿ ಹಲ್ಲು ಕಟಕಟ ಅನ್ನುತ್ತೆ!

ಆಳದಲ್ಲಿ ಕುಲುಮೆ, ಮೇಲೆ ಥಂಡಿ

ಈ ಚಳಿ ಗಣಿ ಕಾರ್ಮಿಕರ ಮನೆಗಳನ್ನೇ ಹೆಚ್ಚು ಕಾಡುವುದಕ್ಕೆ ಚರಿತ್ರೆ ಇದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ದೊರೆಗಳಿಗೆ ದೊಡ್ಡ ಕಾಂಪೌಂಡಿನ ಬಂಗಲೆಗಳಾದವು, ಕೂಲಿಯವರಿಗೆ ಬಿದಿರು ತಟ್ಟಿಯ ಗುಡಿಸಲುಗಳಾದವು. ಆಮೇಲೆ ಸಾಲು ಸಾಲಾಗಿ ಲೈನ್ ಮನೆಗಳೆದ್ದವು. ಒಂದು ಕೋಣೆ, ಒಂದು ಅಡುಗೆ ಮೂಲೆ, ತಲೆಗೆ ತಾಗುವಂಥ ಮಾಡು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, ಬಂದದ್ದು ಗಣಿಯ ಯಂತ್ರಕ್ಕೆ.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯ ಶಾಖ 60 ಡಿಗ್ರಿ ದಾಟುತ್ತಿತ್ತು. ಬೆವರಿನಲ್ಲಿ ಮಿಂದ ಕಾರ್ಮಿಕ ಡಿಸೆಂಬರ್ ರಾತ್ರಿ ಮೇಲೆ ಬಂದು ಥಂಡಿ ಗಾಳಿಗೆ ಮೈಯೊಡ್ಡಿ ಮನೆಗೆ ನಡೆಯುತ್ತಿದ್ದ. ಎದೆಯೊಳಗೆ ಕಲ್ಲಿನ ಧೂಳು ಬೇರೆ. ಆ ಧೂಳಿನ ಕಾಯಿಲೆ ಸಿಲಿಕೋಸಿಸ್. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಎದೆಯೊಳಗಿನ ಧೂಳಿಗೆ ಮಾತ್ರ ಮುಚ್ಚುವ ಆರ್ಡರ್ ಬರಲಿಲ್ಲ. ಒಮ್ಮೆ ಗಾಯವಾದ ಶ್ವಾಸಕೋಶ ಮತ್ತೆ ಮೊದಲಿನಂತೆ ಆಗೋದಿಲ್ಲ. ಥಂಡಿ ಗಾಳಿ, ಒಲೆ ಹೊಗೆ ಎರಡೂ ಸೇರಿದರೆ ತಾತನ ಕೆಮ್ಮು ಪಕ್ಕದ ಲೈನಿಗೂ ಕೇಳುತ್ತೆ.

ಮನೆಯ ಗಡಿಯಾರವೂ ಬದಲಾಗಿದೆ. ಹಿಂದೆ ಗಣಿಯ ಸೈರನ್ ಮನೆಯನ್ನು ಎಬ್ಬಿಸುತ್ತಿತ್ತು, ಈಗ ಬೆಂಗಳೂರಿನ ರೈಲು ಎಬ್ಬಿಸುತ್ತೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಸ್ಟೇಷನ್ನುಗಳಲ್ಲಿ ಕತ್ತಲಿರುವಾಗಲೇ ಜನ ನಿಂತಿರ್ತಾರೆ. ದುಡಿಯೋ ಹೆಂಗಸು ಅದಕ್ಕೂ ಮುಂಚೆ ಎದ್ದು ನೀರು ಕಾಯಿಸಿ, ಅನ್ನ ಸಾರು ಮಾಡಿ, ಡಬ್ಬಿ ಕಟ್ಟಬೇಕು. ಸಿಲಿಂಡರ್ ಗ್ಯಾಸನ್ನು ಅಡುಗೆಗೇ ಅಳೆದು ಸುರಿಯುವ ಮನೆಯಲ್ಲಿ ಸ್ನಾನದ ನೀರಿಗೆ ನೀಲಗಿರಿ ಸೌದೆಯೇ ಗತಿ. ಕೊನೆಗೆ ಹಂಡೆಯ ಕೆಳಗೆ ನಿಗಿನಿಗಿ ಕೆಂಡ ಉಳಿಯುತ್ತೆ.

ಹೊಗೆ ಇಲ್ಲದ ಶತ್ರು

ಅಪಾಯ ಇರೋದು ಈ ಕೆಂಡದಲ್ಲಿ. ರಾತ್ರಿ ಬಾಂಡ್ಲಿಗೆ ಕೆಂಡ ಹಾಕಿ, ಬಾಗಿಲು ಜಡಿದು, ಕಿಟಕಿ ಸಂದಿಗೆ ಗೋಣಿ ತುರುಕಿ ಮಲಗೋದುಂಟು. ‘ಹೊಗೆ ಏನೂ ಇಲ್ವಲ್ಲಮ್ಮ, ಬರೀ ಕೆಂಡ’ ಅಂತಾರೆ. ಹೊಗೆ ಇಲ್ಲ ನಿಜ, ಆದರೆ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತೆ. ಅದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಹೋಗಿ ಕೂರುತ್ತೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ಜೊಂಪು. ಬೆಚ್ಚಗಾಗಿ ನಿದ್ದೆ ಬಂತು ಅಂದುಕೊಂಡವರು ಏಳೋದೇ ಇಲ್ಲ. 2025ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಕೋಣೆಯೊಳಗೆ ಇದ್ದಿಲು ಹಾಕಿಕೊಂಡು ಮಲಗಿದ ಮೂವರು ಯುವಕರು ಹೀಗೆಯೇ ಪ್ರಾಣ ಬಿಟ್ಟರು.

ಗಣಿಯವರಿಗೆ ಇದು ಹೊಸ ಪಾಠವೇನಲ್ಲ. ಸುರಂಗದಲ್ಲಿ ಮದ್ದು ಸಿಡಿಸಿದ ಮೇಲೆ ಕೆಟ್ಟ ಗಾಳಿ ಹೊರಟುಹೋಗುವ ತನಕ ಯಾರೂ ಒಳಕ್ಕೆ ಕಾಲಿಡುತ್ತಿರಲಿಲ್ಲ. ಭೂಮಿಯ ಹೊಟ್ಟೆಯೊಳಗೆ ಗಾಳಿ ಆಡಿಸಲು ಕಂಪನಿ ಯಂತ್ರ ಕೂರಿಸಿತ್ತು. ಚಿನ್ನ ತೆಗೆಯುವ ಜಾಗಕ್ಕೆ ಗಾಳಿಯ ಲೆಕ್ಕ ಇತ್ತು, ಚಿನ್ನ ತೆಗೆದವನು ಮಲಗುವ ಜಾಗಕ್ಕೆ ಆ ಲೆಕ್ಕ ಯಾರೂ ಹಾಕಲಿಲ್ಲ.

ಮನೆಮಂದಿ ಮಾಡಬಹುದಾದ್ದು ಇಷ್ಟು. ಮೈ ಕಾಯಿಸಿಕೊಳ್ಳೋದಾದರೆ ಜಗಲಿಯಲ್ಲಿ, ಬಾಗಿಲು ತೆರೆದು. ಮಲಗುವ ಮುಂಚೆ ಕೆಂಡ ಹೊರಗೆ ಹಾಕಿ ನೀರು ಚಿಮುಕಿಸಬೇಕು. ಚಳಿ ಎಷ್ಟೇ ಇರಲಿ, ಮೇಲಿನ ಕಿಂಡಿ ಮುಚ್ಚಬಾರದು. ಯಾರಿಗಾದರೂ ತಲೆ ಸುತ್ತಿದರೆ ಮೊದಲು ಬಯಲಿಗೆ, ಆಮೇಲೆ ಆಸ್ಪತ್ರೆಗೆ. ಶೀಟಿನ ಕೆಳಗೆ ಬಿದಿರು ಚಾಪೆಯ ಅಡ್ಡ ಮಾಡು ಕಟ್ಟಿದರೂ ಥಂಡಿ ಎಷ್ಟೋ ತಗ್ಗುತ್ತೆ.

ಆದರೆ ಅಡ್ಡ ಮಾಡಿಗೆ ದುಡ್ಡು ಹಾಕುವವನಿಗೆ ಮನೆ ತನ್ನದು ಅನ್ನೋ ಧೈರ್ಯ ಬೇಕು. ಗಣಿ ಮುಚ್ಚಿದ ಮೇಲೆ ಕ್ವಾರ್ಟರ್ಸ್ ಯಾರದ್ದು, ಪತ್ರ ಯಾರ ಹೆಸರಿಗೆ ಅನ್ನೋ ಪ್ರಶ್ನೆಯನ್ನು ವರ್ಷಗಟ್ಟಲೆ ಎಳೆದಾಡಿದರು. ನಾಳೆ ಏಳು ಅಂದರೆ ಏಳಬೇಕಾದ ಮನೆಗೆ ಯಾರು ತಾರಸಿ ಹಾಕಿಸ್ತಾರೆ? ಇತ್ತ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಸಾವಿರ ಎಕರೆಗೂ ಮಿಕ್ಕ ನೆಲದ 13 ಸಯನೈಡ್ ದಿಬ್ಬಗಳನ್ನು ಮತ್ತೆ ಜಾಲಾಡಿ ಚಿನ್ನ ತೆಗೆಯಲು ಒಪ್ಪಿಗೆ ಕೊಟ್ಟಿತು. ಕಸದ ಮಣ್ಣಿಗೂ ಬೆಲೆ ಕಟ್ಟಲು ಬರುವವರಿಗೆ ಅದರ ಪಕ್ಕದಲ್ಲೇ ಇರುವ ಮನೆಯ ಸೂರು ಕಾಣದೆ ಹೋಗಬಾರದು.

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಓಡಿಹೋಗುತ್ತೆ ಅಂತಾರೆ. ಹೋಗಲಿ. ಮುಂದಿನ ವರ್ಷ ಅದು ಬರುವ ಹೊತ್ತಿಗೆ ಲೈನ್ ಮನೆಗಳ ಮಾಡು ಹೀಗೇ ಇದ್ದರೆ ತಪ್ಪು ಚಳಿಯದಂತೂ ಅಲ್ಲ.