ಗಾಳಿ ನಿಂತ ಹೊತ್ತಿನ ಎಚ್ಚರ



ಬೇಸಿಗೆ ಬಂತೆಂದರೆ ನಮ್ಮ ಸೀಮೆಯಲ್ಲಿ ಊರೂರಿಗೂ ಪೆಂಡಾಲುಗಳು ಏಳುತ್ತವೆ. ಬಸವ ಜಯಂತಿ, ಜಾತ್ರೆ, ಪುರಾಣ ಪ್ರವಚನ, ಸಾಮೂಹಿಕ ವಿವಾಹ, ಮಕ್ಕಳ ಶಿಬಿರ ಹೀಗೆ ಒಂದಿಲ್ಲೊಂದು ನಿಮಿತ್ತದಿಂದ ನೂರಾರು ಜನ ಬಯಲಿನಲ್ಲಿ ಬಿಡಾರ ಹೂಡುತ್ತಾರೆ. ಅಲ್ಲಿ ಸೇವೆಗೆ ನಿಲ್ಲುವವರು ಅನ್ನ, ನೀರು, ಹಾಸಿಗೆಗಳ ಚಿಂತೆಯನ್ನು ಹೊರುವಷ್ಟು ಗಾಳಿ, ಸಿಡಿಲು, ನೆರೆಗಳ ಚಿಂತೆಯನ್ನು ಹೊರುವುದಿಲ್ಲ. ನಾವೂ ಹೊತ್ತಿರಲಿಲ್ಲ. ಆ ನಮ್ಮ ತಪ್ಪನ್ನೇ ಈ ತಿಂಗಳು ಓದುಗರ ಮುಂದೆ ಇಡುತ್ತಿದ್ದೇವೆ.

2019ರ ಮೇ ತಿಂಗಳು. ಅಫಜಲಪುರ ತಾಲೂಕಿನ ಅತನೂರ ಸೀಮೆಯ ಒಂದು ಹೊಲದಲ್ಲಿ ಸುಮಾರು ಅರವತ್ತು ಮಕ್ಕಳ ಬೇಸಿಗೆ ಶಿಬಿರ ನಡೆದಿತ್ತು. ಊಟ ವಸತಿಗಳ ಹೊಣೆ ನಮ್ಮದು. ಹಳ್ಳದ ಪಕ್ಕದ ತಗ್ಗಿನಲ್ಲಿ ಬೇವಿನ ಮರಗಳ ನೆರಳಿತ್ತು, ಬಾವಿ ಹತ್ತಿರವಿತ್ತು. ಇದಕ್ಕಿಂತ ಒಳ್ಳೆಯ ಸ್ಥಳ ಬೇರೊಂದಿಲ್ಲವೆಂದು ಅಲ್ಲಿಯೇ ಶಾಮಿಯಾನ ಹಾಕಿಸಿದೆವು. ಹಳ್ಳ ಬತ್ತಿ ತಿಂಗಳುಗಳಾಗಿದ್ದವು. ಎರೆನೆಲವು ಬಿಸಿಲಿಗೆ ಕಾದು ಕಲ್ಲಿನಂತಾಗಿತ್ತು. ಗೂಟ ಹೊಡೆಯುವವರ ಕೈ ಬೊಬ್ಬೆ ಎದ್ದುದನ್ನು ಕಂಡು, ಇಂಥ ನೆಲದಲ್ಲಿ ನೆಟ್ಟ ಗೂಟವನ್ನು ಯಾವ ಗಾಳಿ ಕಿತ್ತೀತು ಎಂದು ಸಮಾಧಾನಪಟ್ಟೆವು.

ನಾಲ್ಕನೆಯ ದಿನ ಇಳಿಹೊತ್ತಿನಲ್ಲಿ ಮೋಡ ಕವಿಯಿತು. ದೂರದಲ್ಲಿ ಗುಡುಗು ಕೇಳುತ್ತಿತ್ತು. ಅತಿಥಿಗಳೊಬ್ಬರು ಮಕ್ಕಳಿಗೆ ಉಪನ್ಯಾಸ ನೀಡುತ್ತಿದ್ದರು. ಅಷ್ಟರಲ್ಲಿ ಅದುವರೆಗೆ ಬೀಸುತ್ತಿದ್ದ ಗಾಳಿ ಒಮ್ಮೆಲೆ ನಿಂತಿತು. ಬೇವಿನ ಎಲೆಯೊಂದೂ ಅಲುಗದು. ಅಡುಗೆಗೆ ಬಂದಿದ್ದ ಹಿರಿಯ ತಾಯಿಯೊಬ್ಬರು ಒಲೆ ಬಿಟ್ಟು ನಮ್ಮ ಬಳಿ ಬಂದು, “ಯಪ್ಪಾ, ಗಾಳಿ ಸುಮ್ಮನಾಗ್ಯಾದ. ಹುಡುಗರ್ನ ಸಾಲಿ ಒಳಗ ಕರ್ಕೊಂಡು ಹೋಗ್ರಿ” ಎಂದರು. “ಹತ್ತು ನಿಮಿಷ ತಡೀ ಅವ್ವಾ, ಮಾತು ಮುಗೀಲಿ” ಎಂದೆವು. ಅತಿಥಿಗಳ ಮಾತನ್ನು ನಡುವೆ ತಡೆಯುವ ಸಂಕೋಚ ನಮ್ಮದು. ಆ ತಾಯಿ ತಡೆಯಲಿಲ್ಲ. ಗಂಗಾಳವೊಂದನ್ನು ಎತ್ತಿಕೊಂಡು ಸೌಟಿನಿಂದ ಬಡಿಯುತ್ತ ಕೂಗಳತೆಯಲ್ಲಿದ್ದ ಶಾಲೆಯತ್ತ ನಡೆದರು. ಊಟದ ಕರೆಯೆಂದು ಬಗೆದ ಮಕ್ಕಳೆಲ್ಲ ಎದ್ದು ಅವರ ಹಿಂದೆ ಓಡಿದರು.

ಕೊನೆಯ ಮಗು ಶಾಲೆಯ ಹೊಸ್ತಿಲು ದಾಟುವ ಮೊದಲೇ ಬಿರುಗಾಳಿ ಬಂದು ಬಡಿಯಿತು. ಹಿಂದೆಯೇ ಆಲಿಕಲ್ಲು, ಮಳೆ. ಕಲ್ಲಿನಂತಿದ್ದ ನೆಲ ನೀರು ಕುಡಿದು ಮೆತ್ತಗಾದೊಡನೆ ಗೂಟಗಳು ಬೆಣ್ಣೆಯಿಂದ ಕಿತ್ತಂತೆ ಕಿತ್ತು ಬಂದವು. ಕಬ್ಬಿಣದ ಕಂಬವೊಂದು, ಚಿಕ್ಕ ಮಕ್ಕಳು ಕುಳಿತಿದ್ದ ಜಮಖಾನೆಯ ಮೇಲೆಯೇ ಉರುಳಿತು. ಗಂಟೆಯೊಳಗೆ ಬತ್ತಿದ ಹಳ್ಳ ತುಂಬಿ ಹರಿದು ನಮ್ಮ ಪಾತ್ರೆಗಳನ್ನು ಕೊಂಡೊಯ್ದಿತು. ಒಂದು ಮಗುವಿಗೂ ಗಾಯವಾಗಲಿಲ್ಲ. ಅದು ನಮ್ಮ ಜಾಣ್ಮೆಯಿಂದಲ್ಲ, ಒಂದು ಗಂಗಾಳದ ಸದ್ದಿನಿಂದ. ಆ ರಾತ್ರಿ ಶಾಲೆಯ ಪಡಸಾಲೆಯಲ್ಲಿ ಮಲಗಿದ್ದ ಮಕ್ಕಳ ತಲೆಗಳನ್ನು ಎಷ್ಟು ಸಾರಿ ಎಣಿಸಿದೆವೋ ನೆನಪಿಲ್ಲ.

ಆ ತಾಯಿ ಕಂಡುದರಲ್ಲಿ ಪವಾಡವೇನಿಲ್ಲ. ಗುಡುಗುಮೋಡವು ಸುತ್ತಲಿನ ಬಿಸಿಗಾಳಿಯನ್ನು ಮೇಲಕ್ಕೆ ಸೆಳೆದುಕೊಳ್ಳುವಾಗ ನೆಲದ ಮೇಲೆ ಕೆಲ ಹೊತ್ತು ಗಾಳಿ ಸ್ತಬ್ಧವಾಗುವುದುಂಟು. ಬಳಿಕ ಮೋಡದೊಳಗಿನ ತಂಪುಗಾಳಿ ಕೆಳಕ್ಕೆ ಕುಸಿದು ನೆಲಕ್ಕೆ ಬಡಿದು ಸುತ್ತಲೂ ನುಗ್ಗುತ್ತದೆ. ಮಿಂಚು ಕಂಡು ಗುಡುಗು ಕೇಳುವುದರೊಳಗೆ ಮೂವತ್ತು ಎಣಿಸಲಾಗದಿದ್ದರೆ ಸಿಡಿಲು ಸಮೀಪದಲ್ಲಿದೆ ಎಂದರ್ಥ. ಆಗ ಮರದ ಬುಡವೂ ಆಸರೆಯಲ್ಲ, ಕಬ್ಬಿಣದ ಕಂಬದ ಶಾಮಿಯಾನವೂ ಆಸರೆಯಲ್ಲ. ಗಟ್ಟಿ ಕಟ್ಟಡವನ್ನು ಸೇರಬೇಕು. ಕೊನೆಯ ಗುಡುಗು ಕೇಳಿದ ಮೇಲೂ ಅರ್ಧ ಗಂಟೆ ಹೊರಬರಬಾರದು. ಮೊಬೈಲಿನಲ್ಲಿ ಸಿಡಿಲಿನ ಮುನ್ಸೂಚನೆ ನೀಡುವ ‘ದಾಮಿನಿ’ ಈಗ ಯಾರಿಗೂ ಎಟುಕುವಂತಿದೆ.

ಬೇಸಿಗೆಯ ಗಾಳಿ ಕೊಡುವುದು ನಿಮಿಷಗಳ ಅವಕಾಶವನ್ನು. ಹೊಳೆ ಕೊಡುವುದು ಒಂದೆರಡು ದಿನಗಳ ಅವಕಾಶವನ್ನು. ಎರಡೂ ಕಡೆ ನಮ್ಮನ್ನು ಮೋಸಗೊಳಿಸುವುದು ನಡುವಿನ ಶಾಂತಿಯೇ. ಇದು ನಮಗೆ ತಿಳಿದದ್ದು ಮರುವರ್ಷ.

2020ರ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವು ಕಾಕಿನಾಡದ ಬಳಿ ದಡ ಹಾಯ್ದು, ತೆಲಂಗಾಣ ಮತ್ತು ನಮ್ಮ ಜಿಲ್ಲೆಗಳ ಮೇಲಿಂದ ಮಹಾರಾಷ್ಟ್ರದತ್ತ ಸಾಗಿತು. ಚಿತ್ತಾ ಮಳೆ ಎರಡು ದಿನ ಸುರಿದು ನಿಂತಿತು. ಆದರೆ ಭೀಮೆಯದು ಸಣ್ಣ ಹರಿವಲ್ಲ. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ, ಉಜನಿ ಜಲಾಶಯವನ್ನು ತುಂಬಿ, ಪಂಢರಪುರವನ್ನು ಬಳಸಿ ನಮ್ಮಲ್ಲಿಗೆ ಬರುವವಳು ಅವಳು. ಉಜನಿಯಿಂದಲೂ ನೀರಾ ನದಿಯ ವೀರ ಜಲಾಶಯದಿಂದಲೂ ಬಿಟ್ಟ ನೀರು, ನಡುವಿನ ಹಳ್ಳಕೊಳ್ಳಗಳ ನೀರಿನೊಡನೆ ಕೂಡಿ ಇತ್ತ ಹರಿಯಿತು. ನವರಾತ್ರಿಯ ಆರಂಭದ ದಿನಗಳಲ್ಲಿಯೇ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು.

ಅದು ಕೊರೊನಾ ವರ್ಷ. ಶಾಲೆಗಳು ಮುಚ್ಚಿದ್ದುದರಿಂದ ಕೋಣೆಗಳು ಖಾಲಿ ಇದ್ದವು, ಜನ ಒತ್ತೊತ್ತಾಗಿ ಸೇರುವ ಅಂಜಿಕೆಯೂ ಇತ್ತು. ಅಂಥ ಒಂದು ಕಾಳಜಿ ಕೇಂದ್ರದಲ್ಲಿ ನಾವು ಸೇವೆಗೆ ನಿಂತಿದ್ದೆವು. ದಂಡೆಯ ಊರಿನವರನ್ನು ಕರೆತರಲು ಹೋದಾಗ ಹಿರಿಯರೊಬ್ಬರು ಕಟ್ಟೆ ಬಿಟ್ಟು ಏಳಲಿಲ್ಲ. “ಬಿಸಲು ಬಿದ್ದದ. ಇನ್ನ ಎಲ್ಲಿ ನೀರು ಬರ್ತದ ತಮ್ಮಾ? ಬಂದರೂ ಎಮ್ಮಿ ಬಿಟ್ಟು ನಾ ಹ್ಯಾಂಗ ಬರ್ಲಿ?” ಎಂದರು. ಮೊದಲನೆಯ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿತ್ತು. ಎರಡನೆಯದಕ್ಕೆ ಇರಲಿಲ್ಲ. ನಾವು ಅನ್ನ ಬೇಯಿಸಿದ್ದೆವು, ಹಾಸಿಗೆ ಹಾಸಿದ್ದೆವು; ಎಮ್ಮೆಗೆ ಒಂದು ಗೂಟವನ್ನೂ ನೆಟ್ಟಿರಲಿಲ್ಲ. ಮನುಷ್ಯನನ್ನು ಕರೆಯುವವನು ಅವನ ಬದುಕನ್ನೂ ಕರೆಯಬೇಕೆಂಬುದು ಆಗ ಹೊಳೆಯಿತು. ಊರಿಗೆ ಮರಳಿ ಎತ್ತರದ ಒಂದು ಖಾಲಿ ಕಣವನ್ನು ಕೇಳಿ ಪಡೆದು, ಮನೆಮನೆಯಿಂದ ಕಣಿಕಿಯ ಸೂಡು ತಂದು ಹಾಕಿದೆವು. ಸಂಜೆ ಅವರು ಎರಡು ಎಮ್ಮೆಗಳನ್ನು ಹೊಡೆದುಕೊಂಡು ಬಂದರು. ಅವರನ್ನು ನೋಡಿ ಇನ್ನೂ ಆರು ಮನೆಯವರು ಬಂದರು. ಮರುದಿನ ಬೆಳಗಿಗೆ ಅವರ ಓಣಿಯಲ್ಲಿ ಎದೆಯುದ್ದ ನೀರು ನಿಂತಿತ್ತು.

ನೀರು ಇಳಿದ ಮೇಲೆ ಕಂಡ ದೃಶ್ಯವನ್ನು ಬಣ್ಣಿಸಲಾರೆವು. ತೊಗರಿಯ ಹೊಲಗಳು ಬೇರು ಕೊಳೆತು ನಿಂತಿದ್ದವು. ನೆರೆಯೂರುಗಳಿಂದ ಬಂದ ಕಟಕ ರೊಟ್ಟಿ, ಶೇಂಗಾ ಹಿಂಡಿಗಳಿಗೆ ಕೊರತೆಯಾಗಲಿಲ್ಲ. ಆದರೆ ರೊಟ್ಟಿ ತಿನ್ನಲು ಆ ಹಿರಿಯರೂ ಅವರ ಎಮ್ಮೆಗಳೂ ಉಳಿದಿದ್ದರು, ಅದೇ ದೊಡ್ಡದು.

2025ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮೆ ಮತ್ತೆ ಉಕ್ಕಿದಳು. ಮುಂದೆಯೂ ಉಕ್ಕುವಳು. ಆದ್ದರಿಂದ ಶಿಬಿರ ಹೂಡುವ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಒಲೆ ಹೂಡುವ ಮುನ್ನ ನೆಲ ನೋಡಿರಿ, ಒಣಹಳ್ಳವನ್ನು ನಂಬದಿರಿ. ಹತ್ತಿರದ ಗಟ್ಟಿ ಕಟ್ಟಡದ ಕೀಲಿಕೈ ಮೊದಲ ದಿನವೇ ನಿಮ್ಮ ಕೈಯಲ್ಲಿರಲಿ. ದನಕರುಗಳಿಗೂ ಜಾಗ ಗೊತ್ತುಮಾಡಿರಿ. ಗಾಳಿ ನಿಂತಾಗ ಯಾರ ಮಾತನ್ನಾದರೂ ಸರಿಯೆ, ನಡುವೆ ನಿಲ್ಲಿಸುವ ಅಧಿಕಾರವನ್ನು ಒಬ್ಬರಿಗೆ ಕೊಟ್ಟಿರಿ.

ದಾಸೋಹವು ಎಲೆ ಹಾಕಿದಾಗ ಆರಂಭವಾಗುವುದೆಂದು ನಾವು ತಿಳಿದಿದ್ದೆವು. ಅದು ನೆಲ ನೋಡಿದಾಗಲೇ ಆರಂಭವಾಗುತ್ತದೆಂದು ಆ ತಾಯಿ ಕಲಿಸಿದರು. ಅವರಿಗೆ ನಮ್ಮ ಶರಣಾರ್ಥಿಗಳು.