ಕುಡಿಯದವನಿಗೂ ಲಿವರ್ ಕಾಯಿಲೆ!

‘ದಿನಾ ಎಷ್ಟು ಹಾಕ್ತೀರಿ?’

ಹೊಟ್ಟೆನೋವೆಂದು ಸ್ಕ್ಯಾನಿಂಗ್ ಮಾಡಿಸಿಕೊಂಡ ನನಗೆ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಇದು. ತೊಟ್ಟು ಹೆಂಡ ಮುಟ್ಟಿದವನಲ್ಲ ನಾನು. ‘ಕುಡಿಯೋದಿಲ್ಲ ಸಾರ್’ ಎಂದರೆ ಅವರು ನನ್ನ ಹೆಂಡತಿಯ ಮುಖ ನೋಡಿದರು! ಕಾಯಿಲೆಗಿಂತ ಆ ಅವಮಾನವೇ ದೊಡ್ಡದಾಯಿತು.

ರಿಪೋರ್ಟಿನಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂದಿತ್ತು. ಎಲ್ಲವೂ ಇಂಗ್ಲಿಷು. ಲ್ಯಾಬುಗಳಿಗೆ ರಿಪೋರ್ಟ್ ಕವರು ಅಚ್ಚು ಹಾಕಿಕೊಡುವ ಪ್ರೆಸ್ಸು ನನ್ನದು. ಸಾವಿರಗಟ್ಟಲೆ ಕವರು ಹಾಕಿದವನಿಗೆ ಒಳಗಿನ ಹಾಳೆ ಓದುವ ಸರದಿ ಬಂದಾಗ ಪಿಯುಸಿ ಇಂಗ್ಲಿಷು ಕೈಕೊಟ್ಟಿತು. ಕೇಳಿದರೆ, ‘ಎಲ್ಲರಿಗೂ ಇರ್ತದೆ, ಎಣ್ಣೆ ಕಮ್ಮಿ ಮಾಡಿ’ ಎಂದವರೇ ಮುಂದಿನ ಟೋಕನ್ ಕರೆದರು. ಎರಡು ವರ್ಷ ಆ ಹಾಳೆ ಬೀರುವಿನಲ್ಲಿ ಮಲಗಿತ್ತು. ಅಷ್ಟರಲ್ಲಿ ಸಕ್ಕರೆ ಕಾಯಿಲೆಯೂ ಬಂತು.

ಆಮೇಲೆ ಸಿಕ್ಕ ಇನ್ನೊಬ್ಬ ಡಾಕ್ಟರು ಕನ್ನಡದಲ್ಲಿ ಹತ್ತೇ ನಿಮಿಷ ಹೇಳಿದರು. ಲಿವರಿನಲ್ಲಿ ನೂರಕ್ಕೆ 5ಕ್ಕಿಂತ ಹೆಚ್ಚು ಕೊಬ್ಬು ಸೇರಿದರೆ ಈ ಕಾಯಿಲೆ. ಬೊಜ್ಜು, ಸಕ್ಕರೆ ಕಾಯಿಲೆ, ಕೂತಲ್ಲೇ ಕೆಲಸ ಇದ್ದರೆ ಕುಡಿಯದವನಿಗೂ ಬರುತ್ತದೆ. ಬಹಳ ಮಂದಿಗೆ ಗೊತ್ತೇ ಆಗುವುದಿಲ್ಲ. ಕೆಲವರಿಗೆ ಮಾತ್ರ ಲಿವರ್ ಗಡುಸಾಗುತ್ತಾ ಸಿರೋಸಿಸ್‌ವರೆಗೆ ಹೋಗುತ್ತದೆ. ಸ್ಕ್ಯಾನಿನ ‘ಗ್ರೇಡ್’ ಹೇಳುವುದು ಕೊಬ್ಬನ್ನು, ಗಡುಸುತನವನ್ನಲ್ಲ! ಅದನ್ನು ಅಂದಾಜು ಮಾಡಲು ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಸೇರಿಸಿ ಹಾಕುವ ‘ಫಿಬ್-4’ ಲೆಕ್ಕವಿದೆ. ಅನುಮಾನ ಬಂದರೆ ಫೈಬ್ರೋಸ್ಕ್ಯಾನ್ ಇದೆ. ಮದ್ದು? ಮೈತೂಕದಲ್ಲಿ ನೂರಕ್ಕೆ 7ರಿಂದ 10 ಇಳಿಸುವುದು. 82 ಕಿಲೋ ಇದ್ದ ನಾನು 75ಕ್ಕೆ ಇಳಿದೆ. ಕೊಬ್ಬೂ ಇಳಿಯಿತು.

ಈ ಹತ್ತು ನಿಮಿಷ ಎರಡು ವರ್ಷ ಮೊದಲೇ ಯಾಕೆ ಸಿಗಲಿಲ್ಲ ಸ್ವಾಮಿ?

2021ರಲ್ಲಿ ಕೇಂದ್ರ ಸರ್ಕಾರ ಈ ಕಾಯಿಲೆಯನ್ನು ತನ್ನ ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮಕ್ಕೆ ಸೇರಿಸಿತು. 2023ರಲ್ಲಿ ಜಗತ್ತಿನ ಲಿವರ್ ತಜ್ಞರು ‘ಫ್ಯಾಟಿ’ ಎಂಬ ಪದ ರೋಗಿಗೆ ಅವಮಾನವೆಂದು ಇಂಗ್ಲಿಷಿನಲ್ಲಿ ಹೆಸರನ್ನೇ ಬದಲಿಸಿದರು. ಒಳ್ಳೆಯದೇ. ಆದರೆ ಇಲ್ಲಿ ಟೋಕನ್ ಹಿಡಿದು ನಿಂತವನಿಗೆ ಹಳೆಯ ಹೆಸರೂ ತಿಳಿಯದು, ಹೊಸದೂ ತಿಳಿಯದು. ರಿಪೋರ್ಟಿನ ಕೊನೆಗೆ ‘ಇದು ಇಂಥದ್ದು, ಮುಂದೆ ಇದನ್ನು ಮಾಡಿಸಿ’ ಎಂದು ಕನ್ನಡದಲ್ಲಿ ಎರಡು ಸಾಲು ಹಾಕಿದರೆ ಲ್ಯಾಬಿನ ಗಂಟೇನು ಹೋಗುತ್ತದೆ? ಅಚ್ಚು ಹಾಕುವವನು ಹೇಳುತ್ತೇನೆ: ಎರಡು ಸಾಲಿಗೆ ಖರ್ಚೇ ಇಲ್ಲ!

ಗೆಳೆಯರೇ, ರಾತ್ರಿ ಪಾಳಿ, ಕೂತು ದುಡಿಮೆ, ಬಾಟಲಿ ಕೂಲ್‌ಡ್ರಿಂಕ್ಸ್ ನಿಮ್ಮ ಬದುಕೂ ಹೌದು. ‘ಕುಡಿಯಲ್ಲ, ನನಗೇನಾಗುತ್ತೆ’ ಎನ್ನಬೇಡಿ. ರಿಪೋರ್ಟ್ ಬೀರು ಸೇರುವ ಮುನ್ನ ಎದ್ದು ನಿಂತು ಕೇಳಿ: ‘ಸಾರ್, ಇದನ್ನ ಕನ್ನಡದಲ್ಲಿ ಹೇಳಿ.’ ನಾಚಿಕೆ ಬೇಡ. ಲಿವರ್ ನಿಮ್ಮದು.