ತುಂಬಿದ ದೋಣಿಯಲ್ಲಿ ಒಂದು ಸೀಟು

ನಮ್ಮ ಹವಳಗಾದಲ್ಲಿ ಕ್ರೂಸರ್ ಎಂದೂ ತುಂಬುವುದಿಲ್ಲ. ಸಕ್ಕರೆ ಕಾರ್ಖಾನೆಯ ಹತ್ತಿರ ನಿಂತ ಗಾಡಿಯೊಳಗೆ 15 ಮಂದಿ ಕೂತಿರುತ್ತಾರೆ, ಹಿಂದಿನ ಬಾಗಿಲಿಗೆ ಇಬ್ಬರು ಜೋತುಬಿದ್ದಿರುತ್ತಾರೆ, ಟಾಪ್ ಮೇಲೆ ಚೀಲಗಳ ನಡುವೆ ಇನ್ನೂ ನಾಲ್ವರು. ಆದರೂ ಹುಡುಗನೊಬ್ಬ ‘ಅಫಜಲಪುರ, ಅಫಜಲಪುರ... ಬರ್ರಿ, ಸೀಟ್ ಖಾಲಿ ಅದ’ ಎಂದು ಕೂಗುತ್ತಲೇ ಇರುತ್ತಾನೆ. ನೀವು ಇಣುಕಿ ನೋಡಿ ಹಿಂದೆ ಸರಿದರೆ ಅವನಿಗೆ ಬೇಜಾರು. ‘ಯಕ್ಕಾ, ಜರಾ ಸರಕೋರಿ, ಅಣ್ಣಾವ್ರು ಕಾಲೇಜಿಗಿ ಹೊಂಟಾರ’ ಎಂದು ಒಳಗಿದ್ದವರನ್ನು ಒತ್ತಿ, ಅಂಗೈ ಅಗಲದ ಜಾಗ ಹುಟ್ಟಿಸುತ್ತಾನೆ. ನಾನು ಡಿಗ್ರಿಯ ಎರಡು ವರ್ಷ ಕಳೆದದ್ದು ಆ ಅಂಗೈ ಅಗಲದ ಜಾಗದಲ್ಲೇ.

ಹಾಗಾಗಿ ‘ಸೀಟು ತುಂಬಿದೆ’ ಎಂಬ ಮಾತನ್ನು ನಾವು ಯಾರೂ ನಂಬುವುದಿಲ್ಲ. ಅದು ಮಾತುಕತೆಯ ಶುರುವಾತು ಅಷ್ಟೇ ಎಂದುಕೊಳ್ಳುತ್ತೇವೆ. ಒಂದಿಷ್ಟು ಕೈಮುಗಿದರೆ, ಒಂದಿಷ್ಟು ಜಬರ್ದಸ್ತಿ ಮಾಡಿದರೆ, ಯಾರದಾದರೂ ಹೆಸರು ಹೇಳಿದರೆ ಒಂದು ಸೀಟು ಎಲ್ಲಿಂದಾದರೂ ಬಂದೇ ಬರುತ್ತದೆ ಎಂಬುದು ನಮ್ಮ ಕಡೆಯ ಅನುಭವ. ಈ ಅನುಭವವನ್ನು ನಾವು ಹೋದ ಡಿಸೆಂಬರ್‌ನಲ್ಲಿ ಸಮುದ್ರದ ದಂಡೆಗೂ ಹೊತ್ತುಕೊಂಡು ಹೋಗಿದ್ದೆವು.

ಕಾಲೇಜಿನ ಪ್ರವಾಸ. ಧರ್ಮಸ್ಥಳ, ಉಡುಪಿ, ಮಲ್ಪೆ, ಮುರುಡೇಶ್ವರ, ಗೋಕರ್ಣ. ಬಸ್ಸಿನಲ್ಲಿದ್ದ 50 ಮಂದಿಯಲ್ಲಿ ಹೆಚ್ಚಿನವರು ಸಮುದ್ರ ನೋಡಿದವರಲ್ಲ. ನಮಗೆ ದೊಡ್ಡ ನೀರು ಎಂದರೆ ಭೀಮಾ ನದಿ, ಅದೂ ಬೇಸಿಗೆಯಲ್ಲಿ ಸೊರಗುವ ನೀರು. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗಿಬರುವುದು ಪ್ರವಾಸದ ಫೀಸಿನಲ್ಲಿ ಸೇರಿರಲಿಲ್ಲ. ಬೇಕಾದವರು ಬೇರೆ ದುಡ್ಡು ಕೊಟ್ಟು ಹೆಸರು ಬರೆಸಬೇಕು, ಒಂದೇ ದೋಣಿ, 30 ಸೀಟು ಎಂದು ಸರ್ ಮೊದಲೇ ಹೇಳಿದ್ದರು. ನೋಟಿಸು ಹಚ್ಚಿದ ದಿನ ನಾನು ಮಧ್ಯಾಹ್ನ ಕಾಲೇಜು ಮುಟ್ಟುವ ಹೊತ್ತಿಗೆ 34 ಹೆಸರು ಬಿದ್ದಿದ್ದವು. ನನ್ನದು 35ನೆಯದು. ಸರ್ ಒಂದು ಒಳ್ಳೆಯ ಕೆಲಸ ಮಾಡಿದ್ದರು: 30ರ ಕೆಳಗೆ ಕೆಂಪು ಗೆರೆ ಎಳೆದು, ‘ಇಲ್ಲಿಂದ ಮುಂದೆ ಯಾರಾದರೂ ಬಿಟ್ಟರೆ, ಬರೆದ ಕ್ರಮದಲ್ಲೇ’ ಎಂದು ಬರೆದಿದ್ದರು.

ಕೆಂಪು ಗೆರೆಯ ಕೆಳಗೆ 5ನೆಯವನಾಗಿ ಕಾಯುವುದು ಒಂದು ಬಗೆಯ ವಿದ್ಯೆ. ಮೊದಲ ದಿನ ಆಸೆಯೇ ಇರುವುದಿಲ್ಲ. ಆಮೇಲೆ ಗೊತ್ತಾಗುತ್ತದೆ, ತುಂಬಿದ ಪಟ್ಟಿ ನಿಂತ ನೀರಲ್ಲ ಎಂದು. ಘಟ್ಟ ಇಳಿಯುವಾಗ ತಿರುವು ತಿರುವಿಗೂ ವಾಂತಿ ಮಾಡಿಕೊಂಡ ಮೂವರು, ಇನ್ನು ದೋಣಿಯ ಹೆಸರು ಎತ್ತಬೇಡಿ ಎಂದರು. ಒಬ್ಬನ ದುಡ್ಡು ಧರ್ಮಸ್ಥಳದ ಅಂಗಡಿಗಳಲ್ಲೇ ಖಾಲಿಯಾಗಿತ್ತು. ಇನ್ನೊಬ್ಬಳ ಅವ್ವ ಫೋನಿನಲ್ಲಿ ‘ನೀರಾಗ ಮಾತ್ರ ಹೋಗಬ್ಯಾಡವ್ವ’ ಎಂದು ಅತ್ತುಬಿಟ್ಟರು. ಹೀಗೆ ಐದು ಸೀಟು ಬಿಟ್ಟವು, ಐದನೆಯದು ನನಗೆ ಬಂತು. ನನ್ನ ಪಾಲಿಗೆ ಇದರಲ್ಲಿ ಯಾವ ಜಾಣತನವೂ ಇಲ್ಲ. ಹೆಸರು ಬರೆಸಿದ್ದೆ, ದುಡ್ಡು ಬೇರೆ ತೆಗೆದಿಟ್ಟಿದ್ದೆ, ಕರೆದಾಗ ಅಲ್ಲಿ ಇದ್ದೆ. ಅಷ್ಟೇ.

ತಕರಾರು ಶುರುವಾದದ್ದು ಬಂದರಿನಲ್ಲಿ. ಪಟ್ಟಿಯಲ್ಲಿ ಹೆಸರೇ ಬರೆಸದ ಹತ್ತು–ಹನ್ನೆರಡು ಮಂದಿಗೆ ನೀರು ನೋಡಿದ ಮೇಲೆ ಆಸೆ ಹುಟ್ಟಿತು. ಸಹಜವೇ. ದೋಣಿಯವರ ಹತ್ತಿರ ಹೋಗಿ ನಮ್ಮ ಕ್ರೂಸರ್ ಭಾಷೆಯಲ್ಲೇ ಕೇಳಿದರು: ‘ಅಣ್ಣಾ, ಜರಾ ಅಡ್ಜಸ್ಟ್ ಮಾಡ್ಕೋರಿ, ನಾವು ನಿಂತೇ ಬರ್ತೀವಿ.’ ಜೊತೆಗಿದ್ದ ಹಿರಿಯರೊಬ್ಬರು ಪರಿಚಯದವರಿಗೆ ಫೋನು ಹಚ್ಚಿದರು. ದೋಣಿಯವರು ಎಲ್ಲ ಕೇಳಿ, ಸಿಟ್ಟೂ ಆಗದೆ ಹೇಳಿದ್ದು ಇಷ್ಟು: ‘ಮೂವತ್ತು ಜಾಕೆಟ್ ಉಂಟು ಮಾರಾಯ್ರೆ. ಮೂವತ್ತೊಂದನೆಯವರಿಗೆ ನಾನು ಎಂತ ಕೊಡುದು?’

ನಮ್ಮವರಿಗೆ ಅದು ಧಿಮಾಕು ಅನ್ನಿಸಿತು. ಗೋಕರ್ಣ ಮುಟ್ಟುವವರೆಗೂ ಬಸ್ಸಿನಲ್ಲಿ ಅದೇ ಮಾತು. ‘ನಮ್ಮ ಕಡೆ ಆಗಿದ್ರ ಹಿಂಗ ಮಾಡತಿದ್ದಿಲ್ಲ’ ಎಂದರು. ನಿಜ, ನಮ್ಮ ಕಡೆ ಹಾಗೆ ಮಾಡುವುದಿಲ್ಲ. ಆದರೆ ಪ್ರವಾಸದಲ್ಲಿ ನಾನು ಕೇಳಿದ ಮಾತುಗಳಲ್ಲೆಲ್ಲ ತೂಕದ ಮಾತು ಅದೇ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

(ದ್ವೀಪದ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾದೀತು. ಅಲ್ಲಿ ಕಡಿದು ಜೋಡಿಸಿಟ್ಟಂತಿರುವ ಬಹುಭುಜದ ಕಲ್ಲಿನ ಕಂಬಗಳಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲಕ್ಕೆ ಉಕ್ಕಿದ ಲಾವಾ ತಣ್ಣಗಾಗಿ ಹಾಗೆ ಸೀಳಿತು ಎನ್ನುತ್ತಾರೆ ಭೂವಿಜ್ಞಾನಿಗಳು. ನನ್ನ ಗೆಳೆಯ ಮುಟ್ಟಿ ನೋಡಿ, ‘ನಮ್ಮ ಶಹಾಬಾದ್ ಕಲ್ಲಿನಷ್ಟು ನುಣುಪಿಲ್ಲ ಬಿಡು’ ಎಂದ.)

ಗಾಡಿಯಲ್ಲಿ ಒಬ್ಬ ಹೆಚ್ಚಾದರೆ ಮೈ ನೋಯುತ್ತದೆ, ಕೆಟ್ಟ ಗಳಿಗೆಯಲ್ಲಿ ಅದೂ ಜೀವ ತೆಗೆಯುತ್ತದೆ. ದೋಣಿಯ ಲೆಕ್ಕ ಬೇರೆ. ಭಾರ ಹೆಚ್ಚಾದಷ್ಟೂ ದೋಣಿಯ ಅಂಚು ನೀರಿಗೆ ಹತ್ತಿರ ಇಳಿಯುತ್ತದೆ. ಜನ ನಿಂತರೆ ಭಾರ ಮೇಲಕ್ಕೆ ಹೋಗಿ ಅದು ಬೇಗ ವಾಲುತ್ತದೆ. ಎಲ್ಲರೂ ಸೆಲ್ಫಿಗೆಂದು ಒಂದೇ ಬದಿಗೆ ಸರಿದರೆ ಮುಗಿಯಿತು. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರವಾಸಿ ದೋಣಿ ಮುಳುಗಿ 45 ಜನ ಸತ್ತಾಗ, ದಂಡೆಯ ಪ್ರಾಣಿಗಳನ್ನು ನೋಡಲು ಜನ ಒಂದು ಬದಿಗೆ ಸರಿದರೆಂದೇ ವರದಿಗಳಿದ್ದವು. ಹಡಗಿಗೆ ಇಷ್ಟೇ ಭಾರ ಎಂದು ಹೊರಮೈಗೆ ಗೆರೆ ಎಳೆಯಬೇಕೆಂದು ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಸಂಸದ ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ಹಟ ಹಿಡಿದು, 1876ರಲ್ಲಿ ಅದಕ್ಕೆ ಕಾನೂನು ಬಂತು. ಇಂದಿಗೂ ಆ ಗೆರೆಗೆ ಅವನದೇ ಹೆಸರು. ನಮ್ಮ ಸರ್ ಎಳೆದ ಕೆಂಪು ಗೆರೆ ನೋಡಿದಾಗ ನನಗೆ ಇದೇನೂ ಗೊತ್ತಿರಲಿಲ್ಲ.

ನಮ್ಮ ರಾಜ್ಯದಲ್ಲೇ ಆದದ್ದನ್ನು ನಾವು ಮರೆತುಬಿಟ್ಟಿದ್ದೇವೆ. 2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿತು. 16 ಜನ ಸತ್ತರು. ಅವರಲ್ಲಿ ಹಾವೇರಿ ಜಿಲ್ಲೆಯಿಂದ ಬಂದವರೂ ಇದ್ದರು; ನಮ್ಮ ಹಾಗೆಯೇ ಸಮುದ್ರ ದೂರವಾದ ಊರಿನವರು. ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರಿದ್ದರು ಎಂದು ಆಗ ಪತ್ರಿಕೆಗಳಲ್ಲಿ ಬಂತು. 2024ರ ಜನವರಿ 18ರಂದು ಗುಜರಾತಿನ ವಡೋದರದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ 12 ಮಕ್ಕಳು, 2 ಶಿಕ್ಷಕಿಯರು ಹೋದರು. ಅಲ್ಲೂ ಅದೇ ಕಥೆ: ಹಿಡಿಸುವುದಕ್ಕಿಂತ ಹೆಚ್ಚು ಮಕ್ಕಳು, ಲೈಫ್ ಜಾಕೆಟ್ ಕೆಲವರಿಗೆ ಮಾತ್ರ. ಅದು ಸಮುದ್ರವೂ ಅಲ್ಲ, ಊರೊಳಗಿನ ಕೆರೆ. ಈ ಎರಡೂ ದೋಣಿಗಳನ್ನು ಹತ್ತುವಾಗ ಯಾರೋ ಒಬ್ಬರು ‘ಪರವಾಗಿಲ್ಲ, ಹತ್ತಿ’ ಎಂದಿರಲೇಬೇಕು. ಆ ಮಾತು ಕೇಳಿದವರಿಗೆ ಆಗ ಅದು ಉಪಕಾರದಂತೆ ಕಂಡಿರಬೇಕು.

ಹಾಗಾದರೆ ತುಂಬಿದ ದೋಣಿಯಲ್ಲಿ ಸೀಟು ಸಿಗುವುದೇ ಇಲ್ಲವೇ? ಸಿಗುತ್ತದೆ. ಬಿಟ್ಟ ಸೀಟು ಸಿಗುತ್ತದೆ, ಹುಟ್ಟಿಸಿದ ಸೀಟು ಸಿಗಬಾರದು. ಈ ವ್ಯತ್ಯಾಸ ನನಗೆ ಇನ್ನಷ್ಟು ತಿಳಿದದ್ದು ನಮ್ಮ ಕಾಲೇಜಿನಲ್ಲೇ ಓದಿ ಈಗ ಪ್ರವಾಸಿ ಹಡಗೊಂದರ ಊಟದ ಹಾಲ್‌ನಲ್ಲಿ ಕೆಲಸ ಮಾಡುವ ಸೀನಿಯರ್ ಒಬ್ಬರಿಂದ. ಅಂಥ ಹಡಗುಗಳು ಮಂಗಳೂರಿನ ನವಮಂಗಳೂರು ಬಂದರಿಗೂ ಬರುತ್ತವೆ. ಇಳಿದ ಪ್ರಯಾಣಿಕರನ್ನು ಬಸ್ಸುಗಳಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, ಕಾರ್ಕಳದ ಗೊಮ್ಮಟನ ಹತ್ತಿರ ಕರೆದೊಯ್ಯುತ್ತಾರೆ. ಈ ಒಂದು ದಿನದ ತಿರುಗಾಟಕ್ಕೂ ಟಿಕೆಟ್ಟಿನ ಮೇಲೆ ಬೇರೆ ದುಡ್ಡು, ಅದಕ್ಕೂ ಸೀಟುಗಳ ಮಿತಿ, ಅದೂ ಬೇಗ ತುಂಬುತ್ತದೆ. ಲಕ್ಷಗಟ್ಟಲೆ ಕೊಟ್ಟು ಬಂದವರೂ ಕೌಂಟರಿನಲ್ಲಿ ಹೆಸರು ಬರೆಸಿ ಕಾಯುತ್ತಾರಂತೆ. ದುಡ್ಡು ವಾಪಸ್ ಸಿಗುವ ಗಡುವು ಮುಗಿಯುವ ಹೊತ್ತಿಗೆ ಕೆಲವರು ಬಿಡುತ್ತಾರೆ, ಆಗ ಕೇಳಿದವರಿಗೆ ಸಿಗುತ್ತದೆ. ಹೊರಡುವ ಬೆಳಿಗ್ಗೆ ನಿದ್ದೆಯಿಂದ ಏಳದವರು, ಹೊಟ್ಟೆ ಕೆಟ್ಟವರು ಇದ್ದೇ ಇರುತ್ತಾರೆ. ಆ ಹೊತ್ತಿಗೆ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತವರಿಗೆ ಸಿಗುತ್ತದೆ. ಒಬ್ಬರೇ ಇದ್ದರೆ ಬೇಗ, ‘ನಾವು ಆರೂ ಜನ ಕೂಡೇ ಹೋಗಬೇಕು’ ಎಂದರೆ ಕಷ್ಟ. ಸಿಗದಿದ್ದರೆ ಹೊರಗೆ ತಮ್ಮದೇ ಟ್ಯಾಕ್ಸಿ ಮಾಡಿಕೊಂಡು ಹೋಗಬಹುದು, ಆದರೆ ತಡವಾದರೆ ಹಡಗು ಅವರಿಗಾಗಿ ಕಾಯುವುದಿಲ್ಲ. ‘ಎಷ್ಟ್ ದೊಡ್ಡ ಮನಷ್ಯಾ ಇದ್ರೂ ಸೀಟಿನ ಲೆಕ್ಕ ಲೆಕ್ಕಾನೇ ತಮ್ಮಾ’ ಎಂದರು ಸೀನಿಯರ್.

ಇದನ್ನೆಲ್ಲ ಹೇಳಿದರೆ ನನ್ನ ರೂಮ್‌ಮೇಟ್ ಒಪ್ಪುವುದಿಲ್ಲ. ಅವನು ಆಳಂದ ತಾಲ್ಲೂಕಿನವನು, ಕೆಲಸ ಹುಡುಕುತ್ತಿದ್ದಾನೆ. ‘ನಿನ್ನ ನಿಯಮ ಬಸ್ ಇದ್ದ ಊರಿನವರಿಗಿ. ಬೆಳಿಗ್ಗೆ ಒಂದೇ ಬಸ್ ಇದ್ದ ಊರಾಗ ಅಡ್ಜಸ್ಟ್ ಮಾಡ್ಕೊಳ್ಳದಿದ್ರ ಪರೀಕ್ಷೆ ತಪ್ಪತದ’ ಎನ್ನುತ್ತಾನೆ. ಅವನ ಮಾತಿನಲ್ಲಿ ಸತ್ಯವಿದೆ. ಕ್ರೂಸರ್ ಬಾಗಿಲಿಗೆ ಜೋತುಬಿದ್ದವರನ್ನು ನಾನು ಬೈಯಲಾರೆ. ಅವರಿಗೆ ಬೇಕಾದದ್ದು ಉಪದೇಶವಲ್ಲ, ಇನ್ನೊಂದು ಬಸ್ಸು. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ನಮ್ಮ ತಾಲ್ಲೂಕಿನ ಹಳ್ಳಿಗಳಿಗೆ ನೀರು ನುಗ್ಗಿದಾಗ ದೋಣಿ ಹತ್ತಿದವರದು ಮೋಜಿನ ಪ್ರವಾಸವೇನಲ್ಲ. ಆದರೆ ಸೇಂಟ್ ಮೇರಿಸ್ ದ್ವೀಪ ನೋಡದಿದ್ದರೆ ಯಾರ ಪರೀಕ್ಷೆಯೂ ತಪ್ಪುವುದಿಲ್ಲ. ಅನಿವಾರ್ಯಕ್ಕೆ ಕಲಿತ ಅಭ್ಯಾಸವನ್ನು ನಾವು ಮೋಜಿಗೂ ತಂದಿದ್ದೇವೆ, ನನ್ನ ತಕರಾರು ಅಲ್ಲಿದೆ.

ಇನ್ನೊಂದು ಕಡೆಗೂ ತಂದಿದ್ದೇವೆ. ಅದನ್ನು ಹೇಳಿದಾಗ ಮಾತ್ರ ರೂಮ್‌ಮೇಟ್ ಸುಮ್ಮನಾದ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಕಲಬುರಗಿಯ ಒಂದು ಪರೀಕ್ಷಾ ಕೇಂದ್ರದಿಂದ ಅಕ್ರಮ ಬಯಲಾಗಿ, 2022ರ ಏಪ್ರಿಲ್‌ನಲ್ಲಿ ಆಯ್ಕೆಯೇ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿ 23ರಂದು. ದುಡ್ಡಿನಿಂದ, ವಶೀಲಿಯಿಂದ ಪಟ್ಟಿಯೊಳಗೆ ಸೀಟು ಹುಟ್ಟಿಸಿಕೊಂಡವರು ಕೆಲವರು. ದೋಣಿ ಮಗುಚಿದಾಗ ನೀರಿಗೆ ಬಿದ್ದವರು ನಿಜವಾಗಿ ಓದಿ ಪಾಸಾದವರು. ಎರಡು ವರ್ಷದ ಮೇಲೆ ಮತ್ತೆ ಬರೆಯಿರಿ ಎಂದರೆ, ಅಷ್ಟರಲ್ಲಿ ಮದುವೆಯಾದವರು, ಮನೆಯ ಹೊಣೆ ಬಿದ್ದವರು, ಓದಿದ್ದು ಮರೆತವರು ಏನು ಮಾಡಬೇಕು? ನಮ್ಮ ರೂಮಿನ ಗೋಡೆಯ ಮೇಲೆ ಇಂದಿಗೂ ಆಗಿನ ಟೈಮ್‌ಟೇಬಲ್ ಅಂಟಿಸಿದ ಗುರುತಿದೆ. ಅದು ನನಗಿಂತ ಮುಂಚೆ ಆ ರೂಮಿನಲ್ಲಿದ್ದವರದು.

ರೈಲ್ವೆಯನ್ನು ನಾವು ದಿನಾ ಬೈಯುತ್ತೇವೆ, ಆದರೆ ಅಲ್ಲಿ ಒಂದು ಮರ್ಯಾದೆಯ ಕ್ರಮ ಇದೆ. ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಟಿಕೆಟ್ ತೆಗೆದರೆ ವೇಟಿಂಗ್ ಲಿಸ್ಟಿನಲ್ಲಿ ನಾನು ಎಷ್ಟನೆಯವನು ಎಂಬುದು ನನಗೆ ಕಾಣುತ್ತದೆ. ಅಡ್ಜಸ್ಟ್ ಮಾಡುವುದಿದ್ದರೂ ಅದಕ್ಕೊಂದು ಲೆಕ್ಕ: ಆರ್‌ಎಸಿ ಬಂದರೆ ಸೈಡ್ ಲೋವರ್ ಬರ್ತಿನಲ್ಲಿ ಇಬ್ಬರು ಕೂರಬೇಕು, ಮೂರನೆಯವನನ್ನು ಅಲ್ಲಿಗೆ ಹಾಕುವುದಿಲ್ಲ. ಮೊನ್ನೆ ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋಗುವಾಗ ರಾತ್ರಿಯಿಡೀ ಅಪರಿಚಿತರೊಬ್ಬರ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತಿದ್ದೆ. ಸಿಟ್ಟು ಬರಲಿಲ್ಲ, ಯಾಕೆಂದರೆ ನನ್ನ ಹಿಂದೆ ಹೆಸರು ಬರೆಸಿದ ಯಾರೂ ಮುಂದಿನ ಬರ್ತಿನಲ್ಲಿ ಮಲಗಿರಲಿಲ್ಲ. ಕನಿಷ್ಠ ಹಾಗೆಂದು ನಂಬಲು ಸಾಧ್ಯವಿತ್ತು.

ಕಾಲೇಜು ಪ್ರವಾಸಗಳಿಗೆ ಇಷ್ಟು ಮಾಡುವುದು ಕಷ್ಟದ ಕೆಲಸವೇನಲ್ಲ. ದೋಣಿ, ಜೀಪು, ಸಫಾರಿ, ಯಾವುದೇ ಇರಲಿ, ಬೇರೆ ದುಡ್ಡಿನ ತಿರುಗಾಟಕ್ಕೆ ಎಷ್ಟು ಸೀಟು ಎಂಬುದನ್ನು ಹೊರಡುವ ಮೊದಲೇ ಗೋಡೆಗೆ ಹಚ್ಚಬೇಕು. ಬೆಳಿಗ್ಗೆ ಬೇಗ ಬಸ್ ಇಲ್ಲದ ಊರಿನ ನಮ್ಮಂಥವರು ಮಧ್ಯಾಹ್ನ ಬರುತ್ತೇವೆ, ಆದ್ದರಿಂದ ಮೊದಲು ಬಂದವರಿಗೆ ಮೊದಲು ಎನ್ನುವ ಬದಲು ಒಂದು ದಿನ ಎಲ್ಲರ ಹೆಸರೂ ತೆಗೆದುಕೊಂಡು ಚೀಟಿ ಎತ್ತುವುದು ಇನ್ನೂ ಒಳ್ಳೆಯದು. ಗೆರೆಯ ಕೆಳಗಿನ ಹೆಸರುಗಳೂ ಎಲ್ಲರಿಗೂ ಕಾಣುವಂತಿರಬೇಕು. ದಂಡೆಯಲ್ಲಿ ಹತ್ತುವ ಮೊದಲು ತಲೆ ಎಣಿಸಬೇಕು, ಜಾಕೆಟ್ ಎಣಿಸಬೇಕು. ಲೆಕ್ಕ ತಾಳೆಯಾಗದಿದ್ದರೆ ದೋಣಿ ಬಿಡಬಾರದು, ಹತ್ತಿಸಿಕೊಳ್ಳಲು ದೋಣಿಯವರೇ ಒಪ್ಪಿದರೂ. ಉಳಿದವರಿಗೆ ದಂಡೆಯಲ್ಲಿ ಏನಾದರೂ ಇರಬೇಕು. ನಾವು ದ್ವೀಪದಿಂದ ಮರಳಿದಾಗ ಉಳಿದ 20 ಮಂದಿ ಬೀಚಿನಲ್ಲಿ ಕಬಡ್ಡಿ ಆಡಿ, ಮೈಯೆಲ್ಲ ಮರಳಾಗಿ, ನಮಗಿಂತ ಹೆಚ್ಚು ಖುಷಿಯಲ್ಲಿದ್ದರು ಎಂಬುದೂ ನಿಜ.

ಈ ವರ್ಷದ ಪ್ರವಾಸದ ಕಮಿಟಿಯಲ್ಲಿ ನಾನೂ ಇದ್ದೇನೆ. ಮೊನ್ನೆ ಸೋಮವಾರ ಚೀಟಿ ಎತ್ತಿದೆವು. ಗೆರೆಯ ಮೇಲೆ 30, ಕೆಳಗೆ 11. ನನ್ನ ಹೆಸರು ಕೆಳಗಿನ ಹನ್ನೊಂದರಲ್ಲಿ ಒಂಬತ್ತನೆಯದು.